ಲೈಬ್ರರಿಯಲ್ಲಿ ಕೇಳೋಕೆ ಒಬ್ಬರು ಬೇಕು

ಹಾಸನ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಗ್ರಂಥಪಾಲಕರಿಗೆ ಮತ್ತು ಜಿಲ್ಲೆಯ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಈ ಪತ್ರ ಬರೆಯೋಕೆ ನನ್ನ ಕ್ಲಾಸಿನ ಒಬ್ಬ ಹುಡುಗಿ ಕಾರಣ. ಅವಳ ವಿಷಯ ಮೊದಲು ಹೇಳಿಬಿಡುತ್ತೇನೆ.

ಬಿ.ಎ. ಕೊನೇ ವರ್ಷ ಓದುತ್ತಿದ್ದಾಳೆ. ಊರು ಸಕಲೇಶಪುರದ ಹತ್ತಿರ. ಕಳೆದ ಸೆಮಿಸ್ಟರ್‌ನಲ್ಲಿ ನಾನು ಎಲ್ಲರಿಗೂ ಒಂದು ಸಣ್ಣ ಅಸೈನ್‌ಮೆಂಟ್ ಕೊಟ್ಟಿದ್ದೆ. ನಿಮ್ಮ ತಾಲ್ಲೂಕಿನ ಯಾವುದಾದರೂ ಒಂದು ಶಾಸನ ಹುಡುಕಿ, ಅದರಲ್ಲಿ ಯಾರು ಯಾರಿಗೆ ಏನು ಕೊಟ್ಟರು ಅಂತ ನೋಡಿ, ಎರಡು ಪುಟ ಬರೆದು ತನ್ನಿ ಅಂತ. ಬೇಲೂರಿನ ಮಕ್ಕಳು, ಅರಸೀಕೆರೆ ಮಕ್ಕಳು ಬರೆದು ತಂದರು. ಇವಳು ತರಲಿಲ್ಲ. ಯಾಕಮ್ಮ ಅಂತ ಕೇಳಿದೆ. ತಲೆ ತಗ್ಗಿಸಿಕೊಂಡು, "ನಮ್ಮ ತಾಲ್ಲೂಕಲ್ಲಿ ಶಾಸನನೇ ಇಲ್ಲ ಮೇಡಂ, ನಾನು ಬುಕ್ಕಲ್ಲಿ ನೋಡಿದೀನಿ" ಅಂದಳು.

ಅವಳು ನಿಜವಾಗಿಯೂ ನೋಡಿದ್ದಳು. ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಹಾಸನದ ಒಂದು ಲೈಬ್ರರಿಗೆ ಹೋಗಿ, ಕೌಂಟರ್‌ನಲ್ಲಿ ಕೇಳಿ ಶಾಸನಗಳ ಸಂಗ್ರಹವಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೇ ಸಂಪುಟ ತೆಗೆಸಿಕೊಂಡಿದ್ದಳು. ಹಾಸನ ಜಿಲ್ಲೆಯ ಶಾಸನಗಳಿರುವ ಸಂಪುಟವೇ ಅದು. ಸರಿಯಾದ ಪುಸ್ತಕವೇ ಕೈಗೆ ಬಂದಿತ್ತು. ತಾಲ್ಲೂಕುಗಳ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಹೋದಳಂತೆ. ಹಾಸನ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು. ಸಕಲೇಶಪುರ ಇಲ್ಲ. ಇನ್ನೊಂದು ಸಲ ನೋಡಿದಳು. ಇಲ್ಲ. ಪುಸ್ತಕ ವಾಪಸ್ ಕೊಟ್ಟು ಬಸ್ ಹತ್ತಿದಳು.

"ಮಂಜರಾಬಾದ್ ಅಂತ ಇರಲಿಲ್ವಾ?" ಅಂತ ಕೇಳಿದೆ.

"ಇತ್ತು ಮೇಡಂ. ಮಂಜರಾಬಾದ್ ಅಂದ್ರೆ ಕೋಟೆ ಅಲ್ವಾ?"

ಕೋಟೆಯೇ. ದೋಣಿಗಲ್ ಹತ್ತಿರ ಗುಡ್ಡದ ಮೇಲಿರುವ ನಕ್ಷತ್ರದ ಆಕಾರದ ಆ ಕೋಟೆಯನ್ನು ಅವಳು ಎಷ್ಟೋ ಸಲ ಹತ್ತಿ ಇಳಿದಿದ್ದಾಳೆ. ಆದರೆ ಈ ಶಾಸನಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಆ ಸಂಪುಟ ಬಂದದ್ದು 1902ರಲ್ಲಿ. ಆಗ ಅವಳ ತಾಲ್ಲೂಕಿನ ಹೆಸರೇ ಮಂಜರಾಬಾದ್. ಅವಳು ಹುಡುಕಿಕೊಂಡು ಹೋದದ್ದು ಅವಳ ಬೆರಳಿನ ಕೆಳಗೇ ಇತ್ತು. ಇದೇ ನಿಮ್ಮೂರು ಕಣೇ ಅಂತ ಹೇಳೋಕೆ ಪಕ್ಕದಲ್ಲಿ ಒಬ್ಬರು ಇರಲಿಲ್ಲ, ಅಷ್ಟೇ.

ಕೌಂಟರ್‌ನಲ್ಲಿದ್ದವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಳಿದ ಪುಸ್ತಕ ಅವರು ಕೊಟ್ಟಿದ್ದಾರೆ. ಅವರ ಮುಂದೆ ಸಾಲು ಇರುತ್ತದೆ. ಒಂದು ಕಡೆ ಇಶ್ಯೂ, ಒಂದು ಕಡೆ ರಿಟರ್ನ್, ನಡುವೆ ನೋ ಡ್ಯೂ ಸರ್ಟಿಫಿಕೇಟ್ ಕೇಳಿಕೊಂಡು ಬರೋರು. ಒಬ್ಬೊಬ್ಬರ ಪಕ್ಕ ಹತ್ತು ನಿಮಿಷ ಕೂರೋಕೆ ಅವರಿಗೆ ಎಲ್ಲಿ ಆಗುತ್ತದೆ?

ನಾನು ಕೇಳುತ್ತಿರುವುದು ಇಷ್ಟು. ಹಾಗೆ ಪಕ್ಕದಲ್ಲಿ ಕೂರೋಕೆ ವಿದ್ಯಾರ್ಥಿಗಳನ್ನೇ ತೆಗೆದುಕೊಳ್ಳಿ. ಹಾಸನ ವಿಶ್ವವಿದ್ಯಾಲಯದ ಕ್ಯಾಂಪಸ್ ಆದ ಹೇಮಗಂಗೋತ್ರಿಯ ಲೈಬ್ರರಿಯಲ್ಲಿ ಒಂದು ಇಂಟರ್ನ್‌ಶಿಪ್ ಶುರು ಮಾಡಿ. ಪುಸ್ತಕ ಜೋಡಿಸೋ ಕೆಲಸಕ್ಕಲ್ಲ. ಓದೋರಿಗೆ ಮತ್ತು ಪಾಠ ಮಾಡೋರಿಗೆ ನೆರವಾಗೋ ಕೆಲಸಕ್ಕೆ.

ಇದನ್ನು ಧೈರ್ಯವಾಗಿ ಕೇಳುತ್ತಿದ್ದೇನೆ ಅಂದರೆ, ನಾನೇ ಅಂಥ ಕೆಲಸ ಮಾಡಿದ್ದೇನೆ. ಎಂ.ಎ. ಓದಿದ್ದು ಬೇರೆ ಜಿಲ್ಲೆಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಒಂದು ಸೆಮಿಸ್ಟರ್ ಮಟ್ಟಿಗೆ ನಮ್ಮನ್ನು ಕೆಲವರನ್ನು ತೆಗೆದುಕೊಂಡಿದ್ದರು. ಕ್ಲಾಸ್ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ. ಮೊದಲನೇ ದಿನ ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ರ‍್ಯಾಕ್ ಒರೆಸೋಕೆ ಸಿದ್ಧವಾಗಿ ಹೋಗಿದ್ದೆ. ಲೈಬ್ರರಿಯನ್ ಮೇಡಂ ನೋಡಿ, "ಅದಕ್ಕೆ ಅಟೆಂಡರ್ ಇದ್ದಾರೆ. ನೀನು ಆ ಮೇಜಿನ ಹತ್ತಿರ ಕೂತ್ಕೋ. ಯಾರಾದರೂ ಬಂದು ಏನಾದರೂ ಕೇಳಿದರೆ ಅವರ ಜೊತೆ ಎದ್ದು ಹೋಗು. ಕೂತಲ್ಲೇ ಕೈ ತೋರಿಸಬೇಡ" ಅಂದರು.

'ಕೂತಲ್ಲೇ ಕೈ ತೋರಿಸಬೇಡ' ಅನ್ನೋ ಆ ಮಾತೇ ನನಗೆ ಅರ್ಧ ಕೆಲಸ ಕಲಿಸಿತು.

ಮೇಜಿನ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇತ್ತು. ಯಾರು ಏನು ಕೇಳಿದರು, ನಾವು ಏನು ಮಾಡಿದೆವು, ಪುಸ್ತಕ ಸಿಕ್ಕಿತಾ ಇಲ್ವಾ, ಅದರಲ್ಲಿ ಬರೆಯಬೇಕು. ಕೇಳಿದವರ ಹೆಸರು ಬರೆಯುವಂತಿಲ್ಲ. ಮೊದಲ ಎರಡು ವಾರದ ಪುಟಗಳನ್ನು ಈಗ ನೆನೆಸಿಕೊಂಡರೆ, ಬರೀ ವೈ-ಫೈ ಪಾಸ್‌ವರ್ಡ್, ಚಾರ್ಜಿಂಗ್ ಪಾಯಿಂಟ್, ಜೆರಾಕ್ಸ್ ಎಲ್ಲಿ, ಟಾಯ್ಲೆಟ್ ಎಲ್ಲಿ. ನನಗೆ ಬೇಸರವಾಗಿತ್ತು. ಆಮೇಲೆ ಗೊತ್ತಾಯಿತು, ಅವು ಪ್ರಶ್ನೆಗಳೇ ಅಲ್ಲ. ಈ ಮೇಜಿನಲ್ಲಿ ಕೂತಿರೋರು ಬೈತಾರಾ, ನಗ್ತಾರಾ ಅಂತ ನೋಡಿಕೊಳ್ಳೋಕೆ ಮಕ್ಕಳು ಮೊದಲು ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ. ನಾವು ನೆಟ್ಟಗೆ ಉತ್ತರ ಕೊಟ್ಟರೆ ಎರಡು ಹೆಜ್ಜೆ ಹೋಗಿ ತಿರುಗಿ ಬರುತ್ತಾರೆ. "ಅಕ್ಕಾ, ಇನ್ನೊಂದು..." ಅಂತ. ಆ ಇನ್ನೊಂದರಲ್ಲಿ ನಿಜವಾದ ವಿಷಯ ಇರುತ್ತದೆ.

ಆ 'ಅಕ್ಕಾ' ಅನ್ನೋ ಮಾತನ್ನು ದಯವಿಟ್ಟು ಗಮನಿಸಿ. ಉಪನ್ಯಾಸಕರ ಹತ್ತಿರ ಆ ಪ್ರಶ್ನೆ ಬರೋದಿಲ್ಲ. ನನ್ನ ಹತ್ತಿರವೂ ಈಗ ಬರೋದಿಲ್ಲ, ನಾನು ಮೇಡಂ ಆಗಿದ್ದೇನಲ್ಲ. ಪುಸ್ತಕ ಯಾವ ರ‍್ಯಾಕ್‌ನಲ್ಲಿದೆ ಅಂತ ಹೇಳೋ ಕಾಲ್ ನಂಬರ್ ಅಂದರೆ ಏನು ಅಂತ ಡಿಗ್ರಿ ಮೂರನೇ ವರ್ಷದ ಹುಡುಗ ಸರ್‌ ಹತ್ತಿರ ಕೇಳಿದರೆ, ಇಷ್ಟು ದಿನ ಏನು ಮಾಡುತ್ತಿದ್ದೆ ಅಂದುಬಿಟ್ಟಾರು ಅನ್ನೋ ಭಯ. ಅದೇ ಅವನಿಗಿಂತ ಎರಡು ವರ್ಷ ದೊಡ್ಡವನು, ಅವನ ಹಾಗೇ ಆಲೂರಿನಿಂದಲೋ ಅರಕಲಗೂಡಿನಿಂದಲೋ ಬಸ್ಸಿನಲ್ಲಿ ನಿಂತುಕೊಂಡು ಬರೋನು ಅಲ್ಲಿ ಕೂತಿದ್ದರೆ ಕೇಳುತ್ತಾನೆ.

ಅಂಥ ಒಂದು ದಿನದ ಬಗ್ಗೆ ಹೇಳಬೇಕು. ಒಬ್ಬ ಹುಡುಗ ಚೀಟಿಯಲ್ಲಿ 633.73 ಅಂತ ಬರೆದುಕೊಂಡು ಅರ್ಧ ಗಂಟೆಯಿಂದ ರ‍್ಯಾಕ್ ನಡುವೆ ಓಡಾಡುತ್ತಿದ್ದ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಅದು ಕಾಫಿಯ ನಂಬರ್. 1876ರಲ್ಲಿ ಮೆಲ್ವಿಲ್ ಡ್ಯೂಯಿ ಶುರು ಮಾಡಿದ ಪದ್ಧತಿ ಅದು, ನಮ್ಮ ಬಹಳಷ್ಟು ಲೈಬ್ರರಿಗಳಲ್ಲಿ ಇವತ್ತಿಗೂ ಪುಸ್ತಕ ಇಡೋದು ಹಾಗೇ. ಅವನು 633.8 ಇರುವ ಕಡೆ ನಿಂತು, ಅಲ್ಲಿಂದ ಮುಂದಕ್ಕೆ ಹುಡುಕುತ್ತಿದ್ದ. ಯಾಕೆ ಅಂತ ಕೇಳಿದೆ. "ಎಂಟು ಆದಮೇಲೆ ತಾನೇ ಎಪ್ಪತ್ಮೂರು ಬರೋದು?" ಅಂದ. ಅವನ ಲೆಕ್ಕ ಅವನಿಗೆ ಸರಿ. ಪಾಯಿಂಟ್ ಆದಮೇಲಿನದನ್ನು ಪೈಸೆ ಅಂದುಕೋ ಅಂದೆ. 633 ರೂಪಾಯಿ 73 ಪೈಸೆ ಜಾಸ್ತಿನೋ, 633 ರೂಪಾಯಿ 80 ಪೈಸೆ ಜಾಸ್ತಿನೋ? ಅವನ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾನೇ ಹಿಂದಕ್ಕೆ ಹೋದ. ಕಾಫಿ ಪುಸ್ತಕಗಳು ಸಿಕ್ಕವು. ಅಲ್ಲಿಗೂ ನಿಲ್ಲಲಿಲ್ಲ. "ಹಂಗಾದ್ರೆ ಆಲೂಗೆಡ್ಡೆ ಎಲ್ಲಿರುತ್ತೆ?" ಅಂತ ಕೇಳಿದ. 635.21. ಕನ್ನಡ ಸಾಹಿತ್ಯ 894.814. ಕರ್ನಾಟಕದ ಇತಿಹಾಸ 954.87. ಸಂಜೆ ಹೊತ್ತಿಗೆ ಅವನು ತನ್ನ ಇಬ್ಬರು ಗೆಳೆಯರಿಗೆ ಪೈಸೆ ಲೆಕ್ಕ ಹೇಳಿಕೊಡುತ್ತಿದ್ದ.

ಕಾಫಿ, ಆಲೂಗೆಡ್ಡೆ ಎರಡೂ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಈ ಎರಡು ನಂಬರ್ ಎಷ್ಟು ಮಕ್ಕಳಿಗೆ ಬೇಕಾಗುತ್ತವೆ ಅಂತ ಯೋಚನೆ ಮಾಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ಅಲ್ಲಿಂದ ಈಚೆಗೆ ಎಷ್ಟೆಲ್ಲ ತಳಿ, ರೋಗ, ನೆರಳಿನ ಮರದ ಬಗ್ಗೆ ಕೆಲಸ ಆಗಿದೆ. ತೋಟದಲ್ಲೇ ಬೆಳೆದ ಮಕ್ಕಳು ಅದೇ ವಿಷಯಕ್ಕೆ ಪ್ರಾಜೆಕ್ಟ್ ಬರೆಯೋವಾಗ ಅಂಗಡಿಯಲ್ಲಿ ಸಿಗುವ ಹಳೇ ಪ್ರಾಜೆಕ್ಟ್ ಜೆರಾಕ್ಸ್ ಮಾಡಿಸಿಕೊಂಡು ಬರುತ್ತಾರೆ. ನನಗೆ ಅದು ನೋಡೋಕೆ ಆಗೋದಿಲ್ಲ.

ಇನ್ನು ಕಂಪ್ಯೂಟರ್‌ನಲ್ಲಿ ಹುಡುಕೋ ವಿಷಯ. ಪುಸ್ತಕದ ಪಟ್ಟಿ ಈಗ ಕಂಪ್ಯೂಟರ್‌ಗೆ ಬಂದಿದೆ. ಕೋಹಾ, ಸೋಲ್, ಇ-ಗ್ರಂಥಾಲಯ, ಯಾವುದೋ ಒಂದು ತಂತ್ರಾಂಶ ಇರುತ್ತದೆ. ಆದರೆ ಕನ್ನಡ ಪುಸ್ತಕದ ಹೆಸರನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿರುತ್ತಾರೆ. ಹಳೇಬೀಡು ಅನ್ನೋದನ್ನೇ ತೆಗೆದುಕೊಳ್ಳಿ. ಒಬ್ಬರು ಕೊನೆಗೆ 'ಯು' ಹಾಕಿರುತ್ತಾರೆ, ಒಬ್ಬರು 'ಡಿ'ಗೇ ನಿಲ್ಲಿಸಿರುತ್ತಾರೆ. ಒಬ್ಬರು 'ಬೀ'ಗೆ ಎರಡು 'ಇ' ಹಾಕಿದರೆ ಇನ್ನೊಬ್ಬರು ಒಂದು 'ಐ' ಹಾಕಿರುತ್ತಾರೆ. ಹುಡುಗಿ ತನಗೆ ತಿಳಿದ ಹಾಗೆ ಹೊಡೆದು ನೋಡುತ್ತಾಳೆ. 'ಫಲಿತಾಂಶ ಇಲ್ಲ' ಅಂತ ಬರುತ್ತದೆ. ಪುಸ್ತಕ ಇಲ್ಲ ಅಂದುಕೊಂಡು ಹೋಗುತ್ತಾಳೆ. ಪುಸ್ತಕ ಅಲ್ಲೇ ಇರುತ್ತದೆ. ಕೆಲವು ಕಡೆ ಹಳೇ ನುಡಿ ಫಾಂಟ್‌ನಲ್ಲಿ ಹೊಡೆದ ಪಟ್ಟಿಗಳಿವೆ. ಅವನ್ನು ಈಗಿನ ಮೊಬೈಲ್, ಕಂಪ್ಯೂಟರ್‌ಗಳು ಬಳಸೋ ಯೂನಿಕೋಡ್‌ಗೆ ತರದಿದ್ದರೆ ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡಿ ಹುಡುಕಿದರೆ ಸಿಗೋದಿಲ್ಲ.

ನಾವು ಇಂಟರ್ನ್‌ಗಳು ಅಲ್ಲಿ ಮಾಡಿದ ಒಂದು ಕೆಲಸ ನನಗೆ ಇವತ್ತಿಗೂ ಹೆಮ್ಮೆ. ಹುಡುಕಿದರೆ ಸಿಗದ ಹೆಸರುಗಳದ್ದು ಒಂದು ಪಟ್ಟಿ ಮಾಡಿದೆವು. ಎಡಗಡೆ ಮಕ್ಕಳು ಹುಡುಕುವ ಹೆಸರು, ಬಲಗಡೆ ಪುಸ್ತಕದಲ್ಲಿರುವ ಹೆಸರು. ಲೈಬ್ರರಿಯನ್ ಮೇಡಂ ಅದನ್ನು ನೋಡಿ, ಒಂದೊಂದಾಗಿ ಕ್ಯಾಟಲಾಗ್‌ಗೆ ಸೇರಿಸಿದರು. ಹಾಸನದಲ್ಲಿ ಅಂಥ ಪಟ್ಟಿ ಮಾಡಿದರೆ ಮೊದಲನೇ ಸಾಲು ಯಾವುದು ಅಂತ ನನಗೆ ಗೊತ್ತು. ಸಕಲೇಶಪುರಕ್ಕೆ 'ಮಂಜರಾಬಾದ್ ನೋಡಿ'. ಎರಡನೇ ಸಾಲು ಚಿಕ್ಕಮಗಳೂರು. ಆ ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಅಂತಲೇ ಹೆಸರು. ಅಲ್ಲಿನ ಶಾಸನಗಳ 6ನೇ ಸಂಪುಟವೂ ಕಡೂರು ಅನ್ನೋ ಹೆಸರಿನಲ್ಲೇ ಇದೆ. ಚಿಕ್ಕಮಗಳೂರು ಅಂತ ಹುಡುಕಿಕೊಂಡು ಬಂದವರಿಗೆ ಅದು ಸಿಗೋದು ಹೇಗೆ?

ಪಾಠ ಮಾಡೋರಿಗೂ ಇದರಿಂದ ಅನುಕೂಲ ಇದೆ. ಇದನ್ನು ನಾನು ಉಪನ್ಯಾಸಕಿಯಾಗಿ ಹೇಳುತ್ತಿದ್ದೇನೆ. ನಾವು ಕ್ಲಾಸಿನಲ್ಲಿ ಓದಬೇಕಾದ ಪುಸ್ತಕಗಳ ಹೆಸರು ಹೇಳುತ್ತೇವೆ. ಅವು ಲೈಬ್ರರಿಯಲ್ಲಿ ಇವೆಯಾ, ಎಷ್ಟು ಪ್ರತಿ ಇವೆ, ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಏನಿದೆ ಅಂತ ನೋಡಿ ಹೇಳೋರು ಕಡಿಮೆ. ನಾನೂ ಎಷ್ಟೋ ಸಲ ನೋಡದೆ ಹೇಳಿದ್ದೇನೆ. ಒಬ್ಬ ಇಂಟರ್ನ್ ಸೆಮಿಸ್ಟರ್ ಶುರುವಾಗೋ ಮೊದಲು ಪ್ರತಿ ಪೇಪರ್‌ನ ಸಿಲಬಸ್ ಹಿಡಿದುಕೊಂಡು ರ‍್ಯಾಕ್ ಮುಂದೆ ನಿಂತರೆ, ಇರೋದು ಯಾವುದು, ಇಲ್ಲದ್ದು ಯಾವುದು ಅಂತ ವಾರದೊಳಗೆ ಗೊತ್ತಾಗುತ್ತದೆ. ಹೊಸ ಪುಸ್ತಕ ತರಿಸೋವಾಗ ಲೈಬ್ರರಿಯನ್‌ಗೂ ಆ ಪಟ್ಟಿ ಬೇಕೇ ಬೇಕು.

ಆಮೇಲೆ ಅಸೈನ್‌ಮೆಂಟ್ ಬರೆಯೋ ರೀತಿ. ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ನಿಯಮ ತಂದಿತು. ಶೇ 10ರವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ ಅನ್ನೋ ಆ ಒಂದು ಅಂಕಿ ಮಾತ್ರ ಎಲ್ಲರ ಬಾಯಲ್ಲಿ ಇದೆ. ಬೇರೆಯವರ ಮಾತನ್ನು ಓದಿ, ಪುಸ್ತಕ ಮುಚ್ಚಿಟ್ಟು, ನಮ್ಮ ಮಾತಿನಲ್ಲಿ ಬರೆದು, ಎಲ್ಲಿಂದ ತಗೊಂಡೆ ಅಂತ ಕೆಳಗೆ ಹೇಳೋದು ಹೇಗೆ ಅಂತ ಕೂರಿಸಿ ತೋರಿಸೋರು ಇಲ್ಲ. ಈಗ ಎಐ ಚಾಟ್‌ಬಾಟ್ ಬೇರೆ ಬಂದಿದೆ. ಅದು ಕೊಟ್ಟ ಪುಸ್ತಕಗಳ ಪಟ್ಟಿ ಹಿಡಿದುಕೊಂಡು ಮಕ್ಕಳು ಲೈಬ್ರರಿಗೆ ಬರುತ್ತಾರೆ. ಪಟ್ಟಿಯಲ್ಲಿ ಕೆಲವು ಪುಸ್ತಕ ಭೂಮಿಯ ಮೇಲೇ ಇರೋದಿಲ್ಲ. ಲೇಖಕರ ಹೆಸರು ನಿಜ, ಪುಸ್ತಕದ ಹೆಸರು ಸುಳ್ಳು. ನನ್ನ ಕ್ಲಾಸಿನಲ್ಲೇ ಇದಾಗಿದೆ. ಸುಮ್ನೆ ಬೈದು ಕಳಿಸಿದರೆ ಆ ಹುಡುಗ ಇನ್ನೊಂದು ಸಲ ಲೈಬ್ರರಿ ಕಡೆ ತಲೆ ಹಾಕೋದಿಲ್ಲ. ಅವನ ಜೊತೆ ಕೂತು, ಪಟ್ಟಿಯ ಒಂದೊಂದು ಹೆಸರನ್ನೂ ಕ್ಯಾಟಲಾಗ್‌ನಲ್ಲಿ ಹಾಕಿ ನೋಡಿ, ಇದು ಇದೆ, ಇದು ಇಲ್ಲ ಅಂತ ಗೆರೆ ಎಳೆದರೆ ಮುಂದಿನ ಸಲ ಅವನೇ ನೋಡಿಕೊಳ್ಳುತ್ತಾನೆ. ಅರ್ಧ ಗಂಟೆ ಕೆಲಸ. ಆದರೆ ಆ ಅರ್ಧ ಗಂಟೆ ಯಾರ ಹತ್ತಿರ ಇದೆ?

ಸರ್ಕಾರ ದುಡ್ಡು ಹಾಕಿರೋದೂ ಇದೆ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗಬೇಕು ಅನ್ನೋದು ಉದ್ದೇಶ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಓದೋಕೆ ಎನ್-ಲಿಸ್ಟ್ ಮೊದಲಿನಿಂದ ಇದೆ. ಶೋಧಗಂಗಾ ಅನ್ನೋ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಲಕ್ಷಗಟ್ಟಲೆ ಇವೆ, ಯಾರು ಬೇಕಾದರೂ ಓದಬಹುದು, ಕನ್ನಡದವೂ ಇವೆ. ನಾನು ನನ್ನ ಕ್ಲಾಸಿನಲ್ಲಿ ಶೋಧಗಂಗಾ ಗೊತ್ತಾ ಅಂತ ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಗಿನ್ ಆಗೋದು ಹೇಗೆ, ಯಾವ ಪದ ಹಾಕಿ ಹುಡುಕಬೇಕು ಅಂತ ಪಕ್ಕದಲ್ಲಿ ನಿಂತು ಒಂದು ಸಲ ತೋರಿಸಿದರೆ ಸಾಕು. ಅದು ನೋಟಿಸ್ ಬೋರ್ಡ್‌ನಲ್ಲಿ ಸುತ್ತೋಲೆ ಅಂಟಿಸಿದರೆ ಆಗೋ ಕೆಲಸ ಅಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳು ಗ್ರಂಥಪಾಲಕರಿಗೆ ನಾನು ಹೇಳಬೇಕಾದ್ದಿಲ್ಲ. 1931ರಲ್ಲಿ ಅವರು ಬರೆದದ್ದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ. ಐದರಲ್ಲಿ ಮೂರು ಸೂತ್ರ ಓದುಗನನ್ನು ಪುಸ್ತಕದ ಹತ್ತಿರ ಕರೆತರೋದರ ಬಗ್ಗೆಯೇ ಇವೆ. ಆ ಹುಡುಗಿ ಪುಸ್ತಕದವರೆಗೂ ಬಂದಿದ್ದಳು. ಪುಟದವರೆಗೆ ಬರಲಿಲ್ಲ.

ಈಗ ನೀವು ಕೇಳಬಹುದಾದ ಮಾತುಗಳಿಗೆ ಬರುತ್ತೇನೆ.

ದುಡ್ಡು ಎಲ್ಲಿದೆ ಅಂತ ಕೇಳುತ್ತೀರಿ. ಹೊಸ ವಿಶ್ವವಿದ್ಯಾಲಯಗಳ ಕಷ್ಟ ನನಗೆ ಗೊತ್ತು. 2025ರ ಫೆಬ್ರುವರಿಯಲ್ಲಿ ಅವನ್ನು ಮುಚ್ಚುವ ಮಾತು ಬಂದಾಗ ನಮ್ಮ ಮಕ್ಕಳು ಎಷ್ಟು ಗಾಬರಿಯಾದರು ಅನ್ನೋದೂ ಗೊತ್ತು. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ ನಮ್ಮದೇ ವಿಶ್ವವಿದ್ಯಾಲಯ ಆಗಿದೆ ಅನ್ನೋ ಖುಷಿ ನಮಗಿದೆ, ಅದು ಉಳಿಯಬೇಕು. ನಾನು ಕಟ್ಟಡ ಕೇಳುತ್ತಿಲ್ಲ. ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಮೇಜು, ಒಂದು ಕಂಪ್ಯೂಟರ್, ಒಂದು ನೋಟ್‌ಬುಕ್. ಅವರಿಗೆ ತಿಂಗಳಿಗೆ ಒಂದಿಷ್ಟು ಗೌರವಧನ. ಇದನ್ನು ಮಾತ್ರ ಬಿಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಸಂಬಳ ಇಲ್ಲದ ಇಂಟರ್ನ್‌ಶಿಪ್‌ಗೆ ಮನೆಯಲ್ಲಿ ಅನುಕೂಲ ಇರೋರು ಮಾತ್ರ ಬರುತ್ತಾರೆ. ಸಂಜೆ ಅಂಗಡಿಯಲ್ಲಿ ಬಿಲ್ ಹಾಕೋ ಹುಡುಗ, ಭಾನುವಾರ ತೋಟಕ್ಕೆ ಕೂಲಿಗೆ ಹೋಗೋ ಹುಡುಗಿ ಬರೋದಿಲ್ಲ. ಈ ಮೇಜಿಗೆ ಬೇಕಾದೋರು ಅವರೇ. ನನಗೆ ಆಗ ಸಿಗುತ್ತಿದ್ದ ದುಡ್ಡು ಬಹಳ ಕಡಿಮೆ. ಆದರೆ ಆ ತಿಂಗಳುಗಳಲ್ಲಿ ಮೆಸ್ ಬಿಲ್‌ಗೆ ಅಪ್ಪನಿಗೆ ಫೋನ್ ಮಾಡಲಿಲ್ಲ.

ದುಡ್ಡಿನ ಜೊತೆ ಕ್ರೆಡಿಟ್ ಕೂಡ ಕೊಡಬಹುದು. ಯುಜಿಸಿಯ ಮಾರ್ಗಸೂಚಿಯಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ ಲೆಕ್ಕ. ಪದವಿ ಮಕ್ಕಳಿಗೆ 60ರಿಂದ 120 ಗಂಟೆ. ವಾರಕ್ಕೆ ಎಂಟು ಗಂಟೆಯ ಹಾಗೆ 15 ವಾರ ಅಂದರೆ 120 ಗಂಟೆ ಆಯಿತು. ಒಂದು ಸೆಮಿಸ್ಟರ್‌ಗೆ ಸರಿಯಾಗಿ ಕೂರುತ್ತದೆ. ಇಂಟರ್ನ್‌ಶಿಪ್ ಎಲ್ಲಿ ಮಾಡೋದು ಅಂತ ಬಿ.ಎ. ಮಕ್ಕಳು ಊರೂರು ಅಲೆಯುತ್ತಾರೆ. ಕೊನೆಗೆ ಪರಿಚಯದೋರ ಆಫೀಸಿನಿಂದ ಒಂದು ಸರ್ಟಿಫಿಕೇಟ್ ತರುತ್ತಾರೆ. ಅದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಎರಡನೇ ಮಾತು ಇನ್ನೂ ಮುಖ್ಯ. ದಯವಿಟ್ಟು ಈ ಮಕ್ಕಳನ್ನು ಖಾಲಿ ಹುದ್ದೆಗೆ ಬದಲಿಯಾಗಿ ಬಳಸಬೇಡಿ. ಲೈಬ್ರರಿಯನ್ ಇಲ್ಲದ ಕಾಲೇಜುಗಳು ಇವೆ. ಅಲ್ಲಿ ಬೀಗದ ಕೈ ಒಬ್ಬ ವಿದ್ಯಾರ್ಥಿ ಕೈಗೆ ಕೊಟ್ಟು ಇಂಟರ್ನ್ ಅಂತ ಕರೆದರೆ ಅದು ಅನ್ಯಾಯ. ನಾನು ಅತಿಥಿ ಉಪನ್ಯಾಸಕಿ. ತಾತ್ಕಾಲಿಕ ಅನ್ನೋ ಪದ ಎಷ್ಟು ವರ್ಷ ಎಳೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಇಂಟರ್ನ್‌ಗೆ ಕಲಿಸೋಕೆ ಒಬ್ಬ ಪೂರ್ಣಾವಧಿ ಗ್ರಂಥಪಾಲಕರು ಇರಲೇಬೇಕು. ನನಗೆ ಆ ಮೇಡಂ ಇರದಿದ್ದರೆ ನಾನು ರ‍್ಯಾಕ್ ಒರೆಸಿಕೊಂಡೇ ಬರುತ್ತಿದ್ದೆ. ಯಾರು ಯಾವ ಪುಸ್ತಕ ತಗೊಂಡರು ಅನ್ನೋ ದಾಖಲೆ, ದಂಡ, ನೋ ಡ್ಯೂ, ಇವೆಲ್ಲ ಸಿಬ್ಬಂದಿ ಹತ್ತಿರವೇ ಇರಲಿ. ಮಕ್ಕಳಿಗೆ ಅದು ಕೊಡಬೇಡಿ.

ಆಯ್ಕೆ ಮಾಡೋವಾಗ ಅಂಕಪಟ್ಟಿ ಒಂದನ್ನೇ ನೋಡಬೇಡಿ. ಒಂದು ಪ್ರಶ್ನೆ ಕೊಟ್ಟು, ಹೋಗಿ ಹುಡುಕಿಕೊಂಡು ಬಾ ಅನ್ನಿ. ಸಿಗದೆ ವಾಪಸ್ ಬಂದು, ಎಲ್ಲೆಲ್ಲಿ ಹುಡುಕಿದೆ ಅಂತ ಸರಿಯಾಗಿ ಹೇಳೋರನ್ನೂ ತೆಗೆದುಕೊಳ್ಳಿ. ಕನ್ನಡ ಮಾಧ್ಯಮದ ಮಕ್ಕಳು ಇರಲಿ. ಬೇರೆ ಬೇರೆ ತಾಲ್ಲೂಕಿನವರು ಇರಲಿ. ಕಲೆ, ವಾಣಿಜ್ಯ, ವಿಜ್ಞಾನ ಮೂರೂ ಕಡೆಯವರು ಇರಲಿ. ಲೈಬ್ರರಿ ವಿಜ್ಞಾನ ಓದೋರಿಗೆ ಮಾತ್ರ ಅಂತ ಮಾಡಬೇಡಿ.

ಸಮಯದ ಬಗ್ಗೆಯೂ ಒಂದು ಮಾತು. ನಮ್ಮ ಮಕ್ಕಳ ಓದು ಬಸ್ಸಿನ ಟೈಮ್ ಮೇಲೆ ನಿಂತಿದೆ. ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಹೋಗಿದೆ. ಆದರೆ ಕತ್ತಲಾದಮೇಲೆ ಊರಿನ ಕ್ರಾಸ್‌ನಲ್ಲಿ ಇಳಿದು ತೋಟದ ದಾರಿ ನಡೆಯೋ ಚಿಂತೆ ಹೋಗಿಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹಾಗಾಗಿ ಆ ಮೇಜು ಸಂಜೆ ಮಾತ್ರ ಇದ್ದರೆ ಹಾಸ್ಟೆಲ್ ಮಕ್ಕಳಿಗಷ್ಟೇ ಆಗುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದೆರಡು ಗಂಟೆ, ಶನಿವಾರ ಬೆಳಿಗ್ಗೆ ಎರಡು ಗಂಟೆ ಇಟ್ಟರೆ ದೂರದ ಮಕ್ಕಳಿಗೂ ಸಿಗುತ್ತದೆ. ಪ್ರಾಂಶುಪಾಲರಲ್ಲಿ ನನ್ನ ಬೇಡಿಕೆ, ಆ ಶನಿವಾರ ನಿಮ್ಮ ಕಾಲೇಜಿನ ಪದವಿ ಮಕ್ಕಳನ್ನೂ ವಿಶ್ವವಿದ್ಯಾಲಯದ ಲೈಬ್ರರಿಗೆ ಕಳಿಸಿ. ಕುಲಪತಿಗಳಲ್ಲಿ ನನ್ನ ಬೇಡಿಕೆ, ಅವರನ್ನು ಗೇಟಿನಲ್ಲಿ ನಿಲ್ಲಿಸದೆ ಐಡಿ ಕಾರ್ಡ್ ನೋಡಿ ಒಳಗೆ ಬಿಡಿ.

ಈಗಿನ ಹುಡುಗರು ಓದೋದೇ ಇಲ್ಲ, ಮೊಬೈಲ್ ಬಿಟ್ಟು ಏಳೋದಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ದಿನಾ ಕೇಳುತ್ತೇನೆ. ನಾನು ಅದನ್ನು ಒಪ್ಪೋದಿಲ್ಲ. 40 ಕಿಲೋಮೀಟರ್ ಬಂದು 1902ರ ಪುಸ್ತಕ ತೆಗೆಸಿದವಳನ್ನು ನಾನು ನೋಡಿದ್ದೇನೆ.

ಆಮೇಲೆ ಏನಾಯಿತು ಅಂತ ಹೇಳದಿದ್ದರೆ ನಿಮಗೂ ಸಮಾಧಾನ ಇರೋದಿಲ್ಲ. ಮುಂದಿನ ಶನಿವಾರ ನಾನೂ ಅವಳೂ ಒಟ್ಟಿಗೆ ಹೋದೆವು. ಅದೇ ಸಂಪುಟ ತೆಗೆಸಿದೆವು. ಹಳೇ ಪುಸ್ತಕ, ಪುಟ ಹಳದಿಯಾಗಿದೆ, ತಿರುಗಿಸಿದರೆ ಅಂಚು ಪುಡಿಯಾಗುತ್ತದೆ. ಅವಳು ಅಂಗೈ ಮೇಲೆ ಪುಟ ಇಟ್ಟುಕೊಂಡು ಮೆಲ್ಲಗೆ ತಿರುಗಿಸಿದಳು. ಮಂಜರಾಬಾದ್ ಬಂತು. ಶಾಸನದ ಕನ್ನಡ ಪಾಠ ಒಂದು ಕಡೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ. ಒಂದೊಂದೇ ಊರಿನ ಹೆಸರು ಜೋರಾಗಿ ಓದುತ್ತಾ ಹೋದಳು. ಒಂದು ಕಡೆ ನಿಂತಳು. "ಮೇಡಂ, ಇದು ನಮ್ಮ ಅಜ್ಜಿ ಊರು" ಅಂದಳು. ಆ ಊರಿನಲ್ಲಿ ಒಂದು ಕಲ್ಲು ಇರೋದು ಅವಳಿಗೆ ಗೊತ್ತಿತ್ತು. ಅದರ ಮೇಲೆ ಏನಿದೆ ಅಂತ ಗೊತ್ತಿರಲಿಲ್ಲ. ಎರಡು ಪುಟ ಕೇಳಿದ್ದಕ್ಕೆ ಆರು ಪುಟ ಬರೆದು ತಂದಳು.

ಹೋದ ವಾರ ಅದೇ ಲೈಬ್ರರಿಗೆ ಅವಳು ಒಬ್ಬಳೇ ಹೋಗಿದ್ದಳು. ಪಕ್ಕದ ಮೇಜಿನಲ್ಲಿ ಯಾರೋ ಹುಡುಗಿ ಕಡೂರು ಸಂಪುಟ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದಳಂತೆ. ಇವಳು ಎದ್ದು ಹೋಗಿ ಹೇಳಿಕೊಟ್ಟು ಬಂದಿದ್ದಾಳೆ.

ಆಗಸ್ಟ್ 12 ಗ್ರಂಥಪಾಲಕರ ದಿನ, ರಂಗನಾಥನ್ ಅವರ ಹುಟ್ಟುಹಬ್ಬ ಅಂತ ಆಚರಿಸೋ ದಿನ. ಆ ದಿನ ಹಾರ ಹಾಕಿ ಭಾಷಣ ಮಾಡೋದರ ಜೊತೆಗೆ ಮೊದಲ ನಾಲ್ಕು ಜನರನ್ನು ಆ ಮೇಜಿಗೆ ಕೂರಿಸಿ ಅಂತ ಕೇಳಿಕೊಳ್ಳುತ್ತೇನೆ. ಅವರಿಗೆ ಮೊದಲ ವಾರ ಹೇಳಿಕೊಡೋಕೆ ಯಾರಾದರೂ ಬೇಕು ಅಂದರೆ ನಾನು ಬರುತ್ತೇನೆ, ನನಗೆ ಏನೂ ಕೊಡಬೇಕಾಗಿಲ್ಲ. ಅರ್ಜಿ ಕರೆದ ದಿನ ತಿಳಿಸಿ. ಸಕಲೇಶಪುರದಿಂದ ಒಂದು ಅರ್ಜಿ ಬರುತ್ತದೆ.

ಇತಿ ತಮ್ಮ ವಿಶ್ವಾಸಿ,
ಇತಿಹಾಸ ವಿಭಾಗದ ಒಬ್ಬ ಅತಿಥಿ ಉಪನ್ಯಾಸಕಿ
ಹಾಸನ ಜಿಲ್ಲೆ